ಸಂಕಮ್ಮ ಯಾಕೆ ಭಾಷೆ ಕೊಡಲಿಲ್ಲ?

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದವರಿಗೆ ಗೊತ್ತು. ಗಾಡಿಯನ್ನ ಬೆಟ್ಟದ ಬುಡದಲ್ಲೇ ನಿಲ್ಲಿಸಬೇಕು, ಅಲ್ಲಿಂದ ಮೇಲಕ್ಕೆ ಸರ್ಕಾರಿ ಬಸ್ಸು. 1454 ಮೀಟರ್ ಎತ್ತರ, ಮಂಜು, ವೇಣುಗೋಪಾಲನ ಗುಡಿ, ಒಂದಷ್ಟು ಫೋಟೋ, ಕತ್ತಲಾಗೋ ಮುಂಚೆ ವಾಪಸ್ಸು. ಸುತ್ತ ಕಾಣುವ ಕಾಡಿಗೂ ಗುಡಿಯೊಳಗಿನ ದೇವರಿಗೂ ಹೆಸರಿನ ನಂಟಿದೆ. 1941ರಲ್ಲಿ ಮೈಸೂರು ಸಂಸ್ಥಾನದವರು ಈ ಕಾಡನ್ನ ವೇಣುಗೋಪಾಲ ವನ್ಯಜೀವಿ ಉದ್ಯಾನ ಅಂತ ಕರೆದರು. 1973ರಲ್ಲಿ ಹುಲಿ ಯೋಜನೆ ಬಂತು, ಮಾರನೇ ವರ್ಷ ಬಂಡೀಪುರ ರಾಷ್ಟ್ರೀಯ ಉದ್ಯಾನದ ಘೋಷಣೆ ಬಂತು. ಮೊದಲು ದೇವರ ಹೆಸರು ಕಾಗದಕ್ಕೆ ಸೇರಿತು, ಆಮೇಲೆ ಹುಲಿಯ ಹೆಸರು. ಇಲ್ಲೇ ಇದ್ದ ಜೇನುಕುರುಬರ ಹಾಡಿಗಳು, ಸೋಲಿಗರ ಪೋಡುಗಳು ಮಾತ್ರ ಕಾಡಿನ ಅಂಚಿಗೆ ಸರಿದವು.

ಅಂಚಿಗೆ ಸರಿದ ಈ ಜನರ ಬಗ್ಗೆ ನಮ್ಮ ಪತ್ರಿಕೆ, ಪುಸ್ತಕ, ವಿಚಾರ ಸಂಕಿರಣಗಳಲ್ಲಿ ಒಂದು ವಿಷಯ ಮಾತ್ರ ಮತ್ತೆ ಮತ್ತೆ ಬರುತ್ತೆ. ಅದು ಅವರ 'ನ್ಯಾಯ'. ಪೋಡಿನಲ್ಲಿ ಜಗಳ ಆದರೆ, ಹುಡುಗ ಹುಡುಗಿ ಓಡಿಹೋದರೆ, ಗಂಡ ಹೆಂಡತಿ ಬೇರೆಯಾದರೆ ಹಿರಿಯರು ಸೇರ್ತಾರೆ, ಮಾತಾಡ್ತಾರೆ, ತಪ್ಪು ಕಟ್ಟಿಸ್ತಾರೆ. ಇದನ್ನ ಬರೆಯೋರು ಎರಡು ಥರ. ಒಬ್ಬರಿಗೆ ಇದು ಪುಸ್ತಕವಿಲ್ಲದ ಪ್ರಜಾಪ್ರಭುತ್ವ, ನಮ್ಮ ಕೋರ್ಟುಗಳು ಇವರಿಂದ ಕಲೀಬೇಕು. ಇನ್ನೊಬ್ಬರಿಗೆ ಇದು ಉತ್ತರ ಭಾರತದ ಖಾಪ್ ಪಂಚಾಯ್ತಿಯ ತಮ್ಮ, ಆದಷ್ಟು ಬೇಗ ಪೊಲೀಸ್ ಠಾಣೆಗೆ ಒಪ್ಪಿಸಿಬಿಡಬೇಕು. ಈ ಎರಡೂ ಬರಹಗಳನ್ನ ಓದಿ ಓದಿ ನನಗೆ ಸಾಕಾಗಿದೆ. ಎರಡರಲ್ಲೂ ತೀರ್ಪಿನ ಬಗ್ಗೆ ಪುಟಗಟ್ಟಲೆ ಇರುತ್ತೆ. ಅಲ್ಲಿ ಯಾರು ಕೂತಿದ್ದರು, ಯಾರು ಬಾಯಿ ಬಿಟ್ಟರು, 'ನೀನು ತಪ್ಪು ಮಾಡಿಲ್ಲ ಅಂತ ರುಜುವಾತು ಮಾಡು' ಅನ್ನೋ ಮಾತು ಯಾರ ಕಡೆಗೆ ತಿರುಗಿತು, ಇದು ಒಂದು ಸಾಲೂ ಇರಲ್ಲ.

ಮೊದಲು ಆ ನ್ಯಾಯ ಅಂದರೆ ಏನು ಅಂತ ನೋಡೋಣ. ಚಾಮರಾಜನಗರ ಜಿಲ್ಲೆಯ ಸೋಲಿಗರಲ್ಲಿ ಇದಕ್ಕೆ ಹೆಸರಿಟ್ಟ ಸ್ಥಾನಗಳಿವೆ. ಯಜಮಾನ ಇದ್ದಾನೆ, ಪಟ್ಟಗಾರ, ಚಲುವಾದಿ, ಕೋಲುಕಾರ ಇದ್ದಾರೆ, ಪೂಜೆಗೆ ತಮ್ಮಡಿ ಇದ್ದಾನೆ. ಸಮುದಾಯ ಕುಲಗಳಾಗಿ ಹಂಚಿಕೊಂಡಿದೆ, ಒಂದೇ ಕುಲದೊಳಗೆ ಹೆಣ್ಣು ಕೊಟ್ಟು ತರೋ ಹಾಗಿಲ್ಲ. ಹಾಗಾಗಿ ನ್ಯಾಯಕ್ಕೆ ಬರೋ ಜಗಳ ಬರೀ ಇಬ್ಬರದ್ದಾಗಿರಲ್ಲ, ಎರಡು ಕುಲದ್ದಾಗಿರುತ್ತೆ.

ಇದರ ಒಳ್ಳೇ ಗುಣ ಕಾಣಬೇಕಂದ್ರೆ ಓಡಿಹೋದವರ ನ್ಯಾಯ ನೋಡಬೇಕು. ಸೋಲಿಗರಲ್ಲಿ ಹುಡುಗ ಹುಡುಗಿ ಮೆಚ್ಚಿಕೊಂಡು ಕಾಡಿಗೆ ಹೋಗಿ ಕೆಲವು ದಿನ ಇದ್ದು ಬರೋದು ಮದುವೆಯ ಒಂದು ಒಪ್ಪಿತ ದಾರಿ. ಹೋಗಿ ಬಂದ ಮೇಲೆ ಹಿರಿಯರು ಸೇರ್ತಾರೆ, ದಂಡ ಹಾಕ್ತಾರೆ, ಊಟ ಆಗುತ್ತೆ, ಅಲ್ಲಿಗೆ ಅದು ಮದುವೆ. ನಮ್ಮೂರುಗಳಲ್ಲಿ ಇದೇ ಸಂಗತಿ ಕೊಲೆಗೂ ಹೋಗುತ್ತೆ ಅನ್ನೋದನ್ನ ನೆನಪಿಟ್ಟುಕೊಂಡು ಇದನ್ನ ಓದಿ. ಇಲ್ಲಿ ದಂಡದ ಕೆಲಸ ನೋಯಿಸೋದಲ್ಲ, ಆಗಿಹೋದದ್ದನ್ನ ಎಲ್ಲರ ಎದುರು ಒಪ್ಪಿಕೊಳ್ಳೋದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ರಂಗನಾಥನನ್ನೇ ಭಾವ ಅಂತಾರೆ. ಸೋಲಿಗರ ಹೆಣ್ಣು ಕುಸುಮಾಲೆಯನ್ನ ಕಟ್ಟಿಕೊಂಡವನು ಅವನು. ದೇವರೇ ಆದರೂ ನಮ್ಮ ಹುಡುಗಿಯನ್ನ ಕರಕೊಂಡು ಹೋದಮೇಲೆ ನೆಂಟನಾಗಲೇಬೇಕು ಅನ್ನೋ ಲೆಕ್ಕ. ಕೋರ್ಟಲ್ಲಿ ಒಬ್ಬ ಗೆದ್ದು ಇನ್ನೊಬ್ಬ ಸೋತು, ಇಬ್ಬರೂ ಒಂದೇ ಬಸ್ಸಲ್ಲಿ ಮುಖ ತಿರುಗಿಸಿಕೊಂಡು ಊರಿಗೆ ಬರ್ತಾರೆ. ಪೋಡಿನಲ್ಲಿ ಹಾಗೆ ಆಗೋ ಹಾಗಿಲ್ಲ, ನಾಳೆ ಜೇನಿಗೆ ಹೋಗೋದು ಇಬ್ಬರೂ ಒಟ್ಟಿಗೇ.

ಇಷ್ಟರ ಮಟ್ಟಿಗೆ ನ್ಯಾಯವನ್ನ ಹೊಗಳೋರ ಮಾತು ಸರಿ. ಆದರೆ ಒಂದು ಷರತ್ತು ಕಾಣಿಸಿತಾ ನಿಮಗೆ? ಈ ಥರದ ನ್ಯಾಯ ಚೆನ್ನಾಗಿ ನಡೆಯೋದು ಎದುರು ಬದುರು ಕೂತವರು ಸುಮಾರಾಗಿ ಸರಿಸಮ ಇದ್ದಾಗ. ಹುಡುಗನ ಕುಲ, ಹುಡುಗಿಯ ಕುಲ. ಇಬ್ಬರಿಗೂ ಇವತ್ತು ಇನ್ನೊಬ್ಬರು ಬೇಕು, ನಾಳೆಯೂ ಬೇಕು. ಜಗಳ ಗಂಡ ಹೆಂಡತಿಯ ನಡುವೆ ಆದಾಗ? ಯಜಮಾನ, ಪಟ್ಟಗಾರ, ಚಲುವಾದಿ, ಕೋಲುಕಾರ, ತಮ್ಮಡಿ. ಈ ಐದು ಹೆಸರಲ್ಲಿ ಹೆಣ್ಣಿನ ಹೆಸರು ಯಾವುದು, ಹೇಳಿ.

'ಹೊರಗಿನ ಕಣ್ಣಿಂದ ನೋಡಿ ಟೀಕೆ ಮಾಡಬೇಡಿ' ಅಂತ ಯಾರಾದರೂ ಅಂತಾರೆ, ಗೊತ್ತು. ಹಾಗಾದರೆ ಈ ಸೀಮೆಯಲ್ಲೇ ಹುಟ್ಟಿದ ಕಥೆಯ ಕಣ್ಣಿಂದಲೇ ನೋಡೋಣ. ಗೋಪಾಲಸ್ವಾಮಿ ಬೆಟ್ಟ ಇರೋ ಜಿಲ್ಲೆಯಲ್ಲೇ, ಪೂರ್ವದ ತುದಿಗೆ, ಮಲೆ ಮಹದೇಶ್ವರ ಬೆಟ್ಟ ಇದೆ. ಮಾದಪ್ಪನ ಕಾವ್ಯವನ್ನ ದೇವರಗುಡ್ಡರು, ಕಂಸಾಳೆಯವರು ರಾತ್ರಿಯಿಡೀ ಹಾಡ್ತಾರೆ. ಪಿ. ಕೆ. ರಾಜಶೇಖರ ಮೊದಲಾದವರು ಅದನ್ನ ಸಂಗ್ರಹಿಸಿ ಅಚ್ಚಿಗೆ ತಂದಿದ್ದಾರೆ. ಅದರಲ್ಲಿ ಸಂಕಮ್ಮನ ಸಾಲು ಅಂತ ಒಂದು ಭಾಗ. ಸೋಲಿಗರ ನೀಲೇಗೌಡ ಕಾಡಿಗೆ ಹೊರಡಬೇಕು. ಹೋಗೋ ಮುಂಚೆ ಹೆಂಡತಿ ಸಂಕಮ್ಮನ ಹತ್ತಿರ ಬಲಗೈ ಭಾಷೆ ಕೇಳ್ತಾನೆ, ನಾನಿಲ್ಲದಾಗ ನೀನು ತಪ್ಪು ನಡೆಯಲ್ಲ ಅಂತ. ಅವಳು ಕೊಡಲ್ಲ. ಎಷ್ಟು ಹಿಂಸೆ ಕೊಟ್ಟರೂ ಕೊಡಲ್ಲ. ಅವಳನ್ನ ಕಾಡಿನ ಗುಡಿಸಲಲ್ಲಿ ಸೆರೆಯಿಟ್ಟು ಹೋಗ್ತಾನೆ. ಮಾದಪ್ಪ ಬಂದು ಕಾಯ್ತಾನೆ, ಮಕ್ಕಳ ವರ ಕೊಡ್ತಾನೆ. ಕಾರಯ್ಯ, ಬಿಲ್ಲಯ್ಯ ಅನ್ನೋ ಇಬ್ಬರು ಮಕ್ಕಳು. ಕಾರಯ್ಯನ ವಂಶದವರು ನಾವು ಅನ್ನೋ ಐತಿಹ್ಯ ಸೋಲಿಗರಲ್ಲಿದೆ.

ಈ ಸಾಲನ್ನ ವಿಮರ್ಶಕರು ಹೆಚ್ಚಾಗಿ ಶೀಲ, ಭಕ್ತಿ, ಪವಾಡ ಅಂತ ಓದಿದ್ದಾರೆ. ಹೆಣ್ಣಿನ ಸಹನೆಯ ಕಥೆ ಅಂದವರೂ ಇದ್ದಾರೆ. ನನಗೆ ಇದು ಮೊದಲಿಗೆ ಒಂದು ನ್ಯಾಯದ ಕಥೆ. ನೀಲೇಗೌಡನ ಹತ್ತಿರ ದೂರಿಲ್ಲ, ಸಾಕ್ಷಿಯಿಲ್ಲ, ಆದ ತಪ್ಪೂ ಇಲ್ಲ. ಆಗದ ತಪ್ಪಿಗೆ ಮುಂಚಿತವಾಗಿ ರುಜುವಾತು ಕೇಳ್ತಿದ್ದಾನೆ. ಸಂಕಮ್ಮನಿಗೆ ಭಾಷೆ ಕೊಟ್ಟುಬಿಡೋದು ಎಷ್ಟು ಸುಲಭ ಇತ್ತು ನೋಡಿ. ಬಲಗೈ ಮುಂದೆ ಮಾಡಿದ್ದರೆ ಹಿಂಸೆ ತಪ್ಪುತ್ತಿತ್ತು. ಅವಳು ಕೊಡಲಿಲ್ಲ, ಯಾಕಂದ್ರೆ ಕೊಟ್ಟ ಕ್ಷಣ ಅನುಮಾನವನ್ನ ಒಪ್ಪಿಕೊಂಡ ಹಾಗಾಗುತ್ತೆ. ಅವಳು ನಿರಾಕರಿಸಿದ್ದು ಭಾಷೆ ಕೇಳೋ ಗಂಡನ ಅಧಿಕಾರವನ್ನೇ. ಇಲ್ಲಿ ಇನ್ನೊಂದು ಕೊರತೆಯೂ ಎದ್ದು ಕಾಣುತ್ತೆ. ಅಷ್ಟು ಹಿಂಸೆ ಆಗ್ತಿರೋ ಹೊತ್ತಿಗೆ ಅವಳಿಗೆ ಆಸರೆಯಾಗೋದು ಕುಲದ ಹಿರಿಯರಲ್ಲ. ದೇವರೇ ಬೆಟ್ಟ ಇಳಿದು ಬರಬೇಕಾಯ್ತು. ಹೆಣ್ಣಿಗೆ ಕೂರೋ ಜಾಗ ಇಲ್ಲದ ಕಡೆ ಪವಾಡ ಬಿಟ್ಟು ಬೇರೆ ದಾರಿಯಿಲ್ಲ ಅನ್ನೋದು ಆ ಹಾಡುಗಾರರಿಗೆ ಗೊತ್ತಿತ್ತು ಅಂತ ನನ್ನ ಓದು.

ಒಂದು ಎಚ್ಚರಿಕೆ ಬೇಕು. ಮಾದಪ್ಪನ ಕಾವ್ಯ ಹಾಡುವ ಗುಡ್ಡರು ಸೋಲಿಗರಲ್ಲ, ಬೇರೆ ಬೇರೆ ಸಮುದಾಯದವರು. ಸೋಲಿಗರ ಮನೆಯ ಕಥೆಯನ್ನ ಪಕ್ಕದ ಊರಿನವರು ಹೇಳ್ತಿದ್ದಾರೆ. ಅದಕ್ಕೇ ನೀಲೇಗೌಡನನ್ನ ಹಿಡಿದು 'ಸೋಲಿಗರು ಹೆಂಡತಿಯನ್ನ ಹೀಗೆ ನಡೆಸಿಕೊಳ್ತಿದ್ದರು' ಅಂತ ಬರೆದರೆ ಅದು ತಪ್ಪು. ನೀಲೇಗೌಡ ಎಲ್ಲ ಜಾತಿಯಲ್ಲೂ ಇದ್ದಾನೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇದ್ದಾನೆ, ಈಗ ಹೆಂಡತಿಯ ಫೋನಿನ ಪಾಸ್‌ವರ್ಡ್ ಕೇಳ್ತಾನೆ. ಕಾವ್ಯ ನಮಗೆ ಕೊಡೋದು ಒಂದು ಅಳತೆಗೋಲು. ಯಾವ ನ್ಯಾಯವನ್ನೇ ನೋಡಿ, ಹಳೇದೋ ಹೊಸದೋ ಅಂತ ಕೇಳೋ ಮುಂಚೆ, ರುಜುವಾತಿನ ಹೊರೆ ಯಾರ ತಲೆ ಮೇಲಿದೆ ಅಂತ ಕೇಳಿ.

ಈ ಅಳತೆಗೋಲು ಹಿಡಿದು ಹಳೇ ದಾಖಲೆ ನೋಡಿದರೆ ಅಲ್ಲೂ ಸಂಕಮ್ಮ ಸಿಗಲ್ಲ. ಎಡ್ಗರ್ ಥರ್ಸ್ಟನ್ ಸಂಪಾದಿಸಿದ ಏಳು ಸಂಪುಟ 1909ರಲ್ಲಿ ಬಂತು. ನಂಜುಂಡಯ್ಯ, ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು 1928ರಿಂದ 1935ರ ನಡುವೆ ಬಂದವು. ದೊಡ್ಡ ಕೆಲಸ, ಇವತ್ತಿಗೂ ನಾವು ಅವನ್ನ ತೆಗೆದು ನೋಡ್ತೀವಿ. ಆದರೆ ಅವು ಹುಟ್ಟಿದ್ದು 1901ರ ಜನಾಂಗ ಸಮೀಕ್ಷೆಯ ಬೆನ್ನಲ್ಲಿ, ಆಡಳಿತಕ್ಕೆ ಬೇಕಾದ ಪ್ರಶ್ನಾವಳಿಯ ಅಚ್ಚಿನಲ್ಲಿ. ಕುಲ, ಮದುವೆ, ಸಾವು, ದೇವರು, ಯಜಮಾನಿಕೆ. ಪ್ರಶ್ನೆಗೆ ಉತ್ತರ ಹೇಳೋನು ಮುಂದೆ ನಿಂತವನು. 'ನಿಮ್ಮಲ್ಲಿ ಪದ್ಧತಿ ಏನು' ಅಂತ ಯಜಮಾನನನ್ನ ಕೇಳಿದರೆ ಅವನು ಪದ್ಧತಿ ಹೇಳ್ತಾನೆ. 'ನಿನಗೆ ಏನಾಯ್ತು' ಅಂತ ದೂರು ತಂದವಳನ್ನ ಕೇಳಿದ್ದರೆ ಬೇರೆ ಪುಸ್ತಕ ಆಗ್ತಿತ್ತು. ನಮ್ಮ ಇವತ್ತಿನ ಅಂಕಣಕಾರರು, ಪಿಎಚ್‌ಡಿ ಹುಡುಗರು ಕೂಡ ಮೊಬೈಲ್ ಹಿಡಕೊಂಡು ಮೊದಲು ಹೋಗೋದು ಯಜಮಾನನ ಮನೆಗೇ. ಹೊರಗಿನವರು ನ್ಯಾಯದಲ್ಲಿ ಪಾಲ್ಗೊಳ್ಳೋದು ಅಂದರೆ ಇಷ್ಟೇ ಆಗಿಬಿಟ್ಟಿದೆ. ಎದುರಿಗೆ ಕ್ಯಾಮೆರಾ ಇದ್ದರೆ ಜನ ಜಗಳವನ್ನೂ ಪದ್ಧತಿಯ ಹಾಗೆ ಆಡಿ ತೋರಿಸ್ತಾರೆ.

ಇದೆಲ್ಲ ಬರೀ ಬರಹದ ಮಾತು, ಇದರಿಂದ ಯಾರಿಗೇನು ಅಂತೀರಾ? ಕಾನೂನಿಗೆ ಬನ್ನಿ. 1955ರ ಹಿಂದೂ ವಿವಾಹ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಎರಡೂ ಪರಿಶಿಷ್ಟ ಪಂಗಡಗಳಿಗೆ ನೇರವಾಗಿ ಅನ್ವಯಿಸಲ್ಲ, ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸಿದರೆ ಮಾತ್ರ. ಅಂದರೆ ಸೋಲಿಗರ ಅಥವಾ ಜೇನುಕುರುಬರ ಹೆಣ್ಣುಮಗಳ ಮದುವೆ, ಅವಳ ಜಮೀನಿನ ಪಾಲು, ಇವಕ್ಕೆ ಆಧಾರ ಅವರ ರೂಢಿ. ರೂಢಿ ಏನು ಅಂತ ಹೇಳೋರು ಯಾರು? ಮತ್ತೆ ಅದೇ ನ್ಯಾಯದ ಹಿರಿಯರು, ಇಲ್ಲಾ ಆ ಹಿರಿಯರ ಮಾತು ಕೇಳಿ ಬರೆದ ಪುಸ್ತಕಗಳು. ಗಂಡ ಸತ್ತ ಹೆಣ್ಣಿಗೆ ಎರಡೆಕರೆ ಹೊಲ ಬರುತ್ತೋ ಇಲ್ಲವೋ ಅನ್ನೋದು ಪೋಡಿನ ಆ ಮಾತುಕತೆಯ ಮೇಲೆ ನಿಂತಿರುತ್ತೆ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ಒಂದು ಪ್ರಕರಣ ತೀರ್ಮಾನ ಆಯ್ತು. ಛತ್ತೀಸಗಢದ ಗೊಂಡ ಕುಟುಂಬ. ಹೆಣ್ಣುಮಗಳ ವಾರಸುದಾರರು ತಾತನ ಆಸ್ತಿಯಲ್ಲಿ ಅವಳ ಪಾಲು ಕೇಳಿದರು. ಹೆಣ್ಣಿಗೆ ಪಾಲು ಕೊಡೋ ರೂಢಿ ಇದೆ ಅಂತ ನೀವೇ ತೋರಿಸಿ ಅಂತ ಕೆಳಗಿನ ಕೋರ್ಟುಗಳು ಅವರ ಕೇಸನ್ನ ವಜಾ ಮಾಡಿದ್ದವು. ಸುಪ್ರೀಂ ಕೋರ್ಟು ಆ ಪ್ರಶ್ನೆಯನ್ನೇ ತಿರುಗಿಸಿತು. ಹೆಣ್ಣನ್ನ ಹೊರಗಿಡೋ ರೂಢಿ ಇದೆ ಅಂತ ಯಾರೂ ತೋರಿಸಿಲ್ಲವಲ್ಲ, ಹಾಗಿದ್ದ ಮೇಲೆ ಸಮಾನತೆಯೇ ನಡೀಬೇಕು ಅಂತ ಹೇಳಿ ಸಮಪಾಲು ಕೊಟ್ಟಿತು. ಕಾನೂನು ಪಂಡಿತರು ಇದನ್ನ ಸಂವಿಧಾನದ 14ನೇ ವಿಧಿ ಅಂತ ವಿವರಿಸಿದರು, ಸರಿಯೇ. ನಮ್ಮ ಸೀಮೆಯವರು ಹೇಳೋದಾದರೆ, ಸಂಕಮ್ಮ ಭಾಷೆ ಕೊಡಬೇಕಾಗಿಲ್ಲ ಅಂತ ಕೋರ್ಟು ಕೊನೆಗೂ ಒಪ್ಪಿತು.

ಹಾಗಾದರೆ ನ್ಯಾಯ ಬಿಟ್ಟು ಎಲ್ಲರೂ ಕೋರ್ಟಿಗೇ ಹೋಗಲಿ ಅನ್ನೋಣವೇ? ಅಷ್ಟು ಸಲೀಸಿಲ್ಲ. ಗುಂಡ್ಲುಪೇಟೆಯಿಂದ ಗಡಿ ದಾಟಿದರೆ ವಯನಾಡು. ಅಲ್ಲಿನ ಪಣಿಯ ಸಮುದಾಯದಲ್ಲಿ ತಮ್ಮ ಪದ್ಧತಿಯಂತೆ ಜೊತೆಯಾದ ಹುಡುಗರ ಮೇಲೆ, ಹುಡುಗಿಗೆ 18 ತುಂಬಿರಲಿಲ್ಲ ಅಂತ, 2012ರ ಪೋಕ್ಸೋ ಕಾಯ್ದೆಯಡಿ ಕೇಸು ಬಿದ್ದು ಜೈಲಿಗೆ ಹೋದದ್ದು ದೊಡ್ಡ ಸುದ್ದಿಯಾಗಿತ್ತು. ಮಕ್ಕಳನ್ನ ಕಾಪಾಡೋ ಕಾನೂನು ಬೇಕೇ ಬೇಕು, ಎಳೇ ವಯಸ್ಸಿನ ಬಸುರಿ ಬಾಣಂತನ ಹುಡುಗಿಯ ಜೀವಕ್ಕೆ ಎರವು, ಅದರಲ್ಲಿ ಮಾತಿಲ್ಲ. ಹಾಗಂತ ಹುಡುಗ ಜೈಲಲ್ಲಿ, ಹುಡುಗಿ ಕೂಸು ಎತ್ತಿಕೊಂಡು ಜೈಲಿನ ಬಾಗಿಲಲ್ಲಿ, ಇದನ್ನ ರಕ್ಷಣೆ ಅನ್ನೋದು ಹೇಗೆ? ಇಂಥ ಕೇಸಲ್ಲಿ ಹುಡುಗಿಯ ಮಾತನ್ನ ಕೋರ್ಟೂ ಕೇಳಲ್ಲ, ಅವಳ ವಯಸ್ಸಿನ ದಾಖಲೆ ಮಾತ್ರ ಕೇಳುತ್ತೆ. ಹಳೇ ನ್ಯಾಯ ಅವಳ ಬದಲಿಗೆ ಅಪ್ಪ ಅಣ್ಣಂದಿರ ಮಾತು ಕೇಳುತ್ತೆ. ಎರಡು ಕಡೆಯೂ ಅವಳು ಬದಿಗೇ ನಿಂತಿದ್ದಾಳೆ. ಓಡಿಹೋಗೋ ಪದ್ಧತಿಯಲ್ಲಿ 18 ತುಂಬೋವರೆಗೆ ತಡೀಬೇಕು ಅಂತ ಪೋಡಿನ ಹಿರಿಯರೇ ಕೂತು ಕಟ್ಟು ಮಾಡಿದರೆ ಅದಕ್ಕೆ ಇರೋ ತೂಕ ಠಾಣೆಯ ಬೋರ್ಡಿಗೆ ಇರಲ್ಲ. ಅದಕ್ಕೇ ನ್ಯಾಯ ಉಳೀಬೇಕು, ಮತ್ತು ಅದರೊಳಗೆ ಆ ಹುಡುಗಿ, ಅವಳ ತಾಯಿ ಕೂರಬೇಕು.

ನ್ಯಾಯ ಉಳಿಯೋದಕ್ಕೆ ಕಾನೂನಿನ ಆಸರೆ ಇದೆಯಾ ಅಂದರೆ, ನಮ್ಮ ರಾಜ್ಯದಲ್ಲಿ ಇಲ್ಲ. 1996ರ ಪೆಸಾ ಕಾಯ್ದೆ ಗ್ರಾಮಸಭೆಗೆ ತನ್ನ ಜನರ ಸಂಪ್ರದಾಯವನ್ನ, ಜಗಳ ಬಗೆಹರಿಸೋ ರೂಢಿಯ ದಾರಿಯನ್ನ ಕಾಪಾಡೋ ಅಧಿಕಾರ ಇದೆ ಅಂತ ಬಾಯಿಬಿಟ್ಟು ಹೇಳುತ್ತೆ. ಆದರೆ ಅದು ನಡೆಯೋದು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಲ್ಲಿ ಮಾತ್ರ. ಕರ್ನಾಟಕದಲ್ಲಿ ಅಂಥ ಒಂದು ಪ್ರದೇಶವೂ ಘೋಷಣೆ ಆಗಿಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 42 ಲಕ್ಷಕ್ಕೂ ಹೆಚ್ಚು ಪರಿಶಿಷ್ಟ ಪಂಗಡದವರಿದ್ದರೂ ಕಥೆ ಇಷ್ಟೇ. ಹಾಗಾಗಿ ಇಲ್ಲಿ ಸೋಲಿಗರ ನ್ಯಾಯವನ್ನ ವೇದಿಕೆ ಮೇಲೆ ಹೊಗಳಬಹುದು, ಹಾಡು ಕುಣಿತದ ಜೊತೆ ಸನ್ಮಾನ ಮಾಡಬಹುದು. ಅದರ ಮಾತು ಸರ್ಕಾರಿ ಕಡತಕ್ಕೆ ಸೇರಲ್ಲ.

ಸೇರಿದ ಒಂದೇ ಜಾಗ 2006ರ ಅರಣ್ಯ ಹಕ್ಕು ಕಾಯ್ದೆ. ಇದು ಜಗಳಗಳಲ್ಲೇ ದೊಡ್ಡ ಜಗಳ, ಪೋಡಿಗೂ ಅರಣ್ಯ ಇಲಾಖೆಗೂ ನಡುವಿನದ್ದು. ನ್ಯಾಯ ಚೆನ್ನಾಗಿ ನಡೆಯೋದು ಸರಿಸಮರ ನಡುವೆ ಅಂದೆನಲ್ಲ, ಈ ಜಗಳದಲ್ಲಿ ಎದುರಾಳಿ ನ್ಯಾಯಕ್ಕೆ ಬಂದು ಕೂತದ್ದೇ ಇಲ್ಲ. 1941ರಲ್ಲಿ ಕಾಡಿಗೆ ದೇವರ ಹೆಸರಿಡುವಾಗ ಪೋಡಿನ ಯಜಮಾನನನ್ನ ಪಾಲುದಾರ ಅಂತ ಕೂರಿಸಿಕೊಳ್ಳಲಿಲ್ಲ, 1973ರಲ್ಲೂ ಕೂರಿಸಿಕೊಳ್ಳಲಿಲ್ಲ. 2006ರ ಕಾಯ್ದೆ ಮೊದಲ ಸಲ ಹಕ್ಕಿನ ಅರ್ಜಿಯನ್ನ ಗ್ರಾಮಸಭೆಯಲ್ಲಿ ಶುರುಮಾಡಿ ಅಂತು. ಇಲ್ಲೂ ಹೊರೆ ಮಾತ್ರ ಆದಿವಾಸಿಯ ತಲೆ ಮೇಲೇ. 2005ರ ಡಿಸೆಂಬರ್ 13ಕ್ಕೆ ಮುಂಚೆಯೇ ನೀನು ಈ ನೆಲದಲ್ಲಿ ಇದ್ದೆ ಅಂತ ನೀನೇ ತೋರಿಸಬೇಕು. ಅಜ್ಜನ ಗೋರಿ ಇರೋ ನೆಲದಲ್ಲಿ ನಿಂತು ಭಾಷೆ ಕೊಡಬೇಕು. ಆದರೂ ನಿಯಮಗಳಲ್ಲಿ ಒಂದು ಒಳ್ಳೇ ಬಾಗಿಲಿದೆ. ಹಿರಿಯರ ಹೇಳಿಕೆಯನ್ನ ಬರೆದುಕೊಂಡರೆ ಅದೂ ಸಾಕ್ಷಿ, ಸಮಾಧಿ, ಪೂಜೆಯ ಜಾಗ, ಇವೂ ಸಾಕ್ಷಿ. ಪೋಡಿನ ನೆನಪಿಗೆ ಸರ್ಕಾರಿ ಕಾಗದದಲ್ಲಿ ಬೆಲೆ ಬಂದದ್ದು ಇಲ್ಲಿ.

ಇನ್ನೊಂದು ಬಾಗಿಲನ್ನ ಯಾರೂ ಅಷ್ಟಾಗಿ ಗಮನಿಸಲ್ಲ. 2012ರಲ್ಲಿ ತಿದ್ದಿದ ನಿಯಮದ ಪ್ರಕಾರ ಗ್ರಾಮಸಭೆಗೆ ಅರ್ಧದಷ್ಟು ಜನ ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರಿರಬೇಕು. ಇಲ್ಲದಿದ್ದರೆ ಸಭೆಯೇ ಸಭೆಯಲ್ಲ. ಪಟ್ಟಗಾರ, ಚಲುವಾದಿಯ ಸಾಲಲ್ಲಿ ಇಲ್ಲದ ಜಾಗ ಈ ಸಾಲಲ್ಲಿದೆ. ಬಿಳಿಗಿರಿರಂಗನ ಬೆಟ್ಟವನ್ನ 2011ರ ಶುರುವಿನಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. ಅದೇ ವರ್ಷ ಅಲ್ಲಿನ ಸೋಲಿಗರ ಗ್ರಾಮಸಭೆಗಳು ಸಮುದಾಯ ಅರಣ್ಯ ಹಕ್ಕು ಪಡೆದವು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಒಂದೇ ಮರದ ಕೆಳಗೆ ಹಳೇ ನ್ಯಾಯವೂ ಕೂರಬಹುದು, ಹೊಸ ಸಭೆಯೂ ಕೂರಬಹುದು, ಜನ ಅವರೇ ಅಲ್ವಾ. ಹೊಸ ಸಭೆಯಲ್ಲಿ ಕಾಡಿನ ಬಗ್ಗೆ ಮಾತಾಡಿದ ಹೆಂಗಸು ಹಳೇ ನ್ಯಾಯದಲ್ಲಿ ತನ್ನ ಮದುವೆ ಬಗ್ಗೆ ಸುಮ್ಮನೆ ಕೂರೋದು ಎಷ್ಟು ದಿನ?

ಈ ಬಾಗಿಲುಗಳೆರಡೂ ಮುಚ್ಚೋದು ಸುಲಭ. ಅಧಿಕಾರಿ ಜೀಪಲ್ಲಿ ಬಂದು, ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡು ಹೋದರೆ ಮೂರನೇ ಒಂದು ಭಾಗ ಹೆಂಗಸರು ಕಾಗದದಲ್ಲಿ ಬಂದ ಹಾಗಾಯ್ತು. ಪೋಡನ್ನೇ ಎತ್ತಿ ಮೂರು ಕಾಲೊನಿಗೆ ಹಂಚಿದರೆ ಎರಡು ಕುಲ ಎದುರು ಬದುರು ಕೂರೋ ನ್ಯಾಯವೂ ಹೋಯ್ತು. ಅಕ್ಕಪಕ್ಕದಲ್ಲಿ ಬದುಕಲೇಬೇಕು ಅನ್ನೋ ಒತ್ತಾಯ ಇಲ್ಲದ ಮೇಲೆ ರಾಜಿಗೆ ಕಾರಣವೇನು? ಆಗ ಯಜಮಾನನ ಮಾತಿಗಿಂತ ಠಾಣೆಯ ದಫೇದಾರನ ಮಾತೇ ಮೇಲು. 'ಆದಿವಾಸಿಗಳ ನ್ಯಾಯ ಪದ್ಧತಿ ನಶಿಸುತ್ತಿದೆ' ಅಂತ ಮರುಗಿ ಬರೆಯೋರು ಈ ಸಂಗತಿಯನ್ನೂ ಬರೀಬೇಕು. ಅದು ವಯಸ್ಸಾಗಿ ತಾನಾಗೇ ಸಾಯ್ತಾ ಇಲ್ಲ. ಅದು ನಿಂತಿದ್ದ ನೆಲವನ್ನ ಕಿತ್ತುಕೊಂಡಿದ್ದಾರೆ.

ಅದಕ್ಕೆ, ಇನ್ನು ಮುಂದೆ ಈ ವಿಷಯದ ಮೇಲೆ ಪುಸ್ತಕವೋ ಅಂಕಣವೋ ಕೈಗೆ ಬಂದರೆ ಮೂರು ಪ್ರಶ್ನೆ ಇಟ್ಟುಕೊಂಡು ಓದಿ. ಬರೆದವರು ದೂರು ತಂದವಳ ಮಾತು ಕೇಳಿದ್ದಾರಾ? ರುಜುವಾತಿನ ಹೊರೆ ಯಾರ ಮೇಲಿತ್ತು ಅಂತ ಹೇಳಿದ್ದಾರಾ? ಪೋಡಿನ ಒಳಗಿನ ಜಗಳದ ಜೊತೆ ಪೋಡಿನ ಮೇಲೆಯೇ ನಡೀತಿರೋ ಜಗಳವನ್ನೂ ಹೇಳಿದ್ದಾರಾ? ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಆ ಬರಹ ಹೊಗಳಿದ್ದರೂ ಅಷ್ಟೆ, ತೆಗಳಿದ್ದರೂ ಅಷ್ಟೆ.

ಸಂಕಮ್ಮನ ಸಾಲನ್ನ ಇವತ್ತಿಗೂ ಹಾಡ್ತಾರೆ. ಕೇಳೋರಲ್ಲಿ ಹೆಂಗಸರು ಬಹಳ. ಅವಳು ಭಾಷೆ ಕೊಡದೇ ನಿಲ್ಲೋ ಜಾಗಕ್ಕೆ ಬಂದಾಗ ಅವರಿಗೆ ವಿಮರ್ಶಕರ ವಿವರಣೆ ಬೇಕಾಗಿಲ್ಲ. ಅವಳು ಯಾಕೆ ಕೊಡಲಿಲ್ಲ ಅಂತ ಅವರಿಗೆ ಗೊತ್ತು.